ಲಾಂಡ್ರಿಯ ಗವರ್ನರ್

ಸಿರಿ, ನಿಹಾರ್, ಇದು ಬುದ್ಧಿವಾದವಲ್ಲ, ಹೆದರಬೇಡಿ. ಬುದ್ಧಿವಾದ ಹೇಳುವಷ್ಟು ಬುದ್ಧಿ ನನಗೆ ಆಗಲೇ ಇದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಹೋದ ಭಾನುವಾರ ಸಿಡ್ನಿಯಿಂದ ಸಿರಿ ಫೋನು ಮಾಡಿದ್ದಳು. ಸೂಪರ್ ಮಾರ್ಕೆಟ್ಟಿನಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗಿಲ್ಲ, "ಅಜ್ಜಿ, ನನ್ನನ್ನ ಸ್ಟಾಫ್ ಕಮಿಟಿಗೆ ಹಾಕಿದಾರೆ, ಐ ಡೋಂಟ್ ನೋ ವೈ" ಅಂದಳು. ಯಾಕೆ ಅಂತ ನನಗೆ ಗೊತ್ತು ಕಂದಾ. ಫೋನಿನಲ್ಲಿ ಹೇಳುವುದು ನನ್ನ ಕೈಯಲ್ಲಿ ಆಗಲಿಲ್ಲ. ನನಗೆ ಮಾತು ಬರುವುದು ಯಾವಾಗಲೂ ಎರಡು ದಿನ ತಡವಾಗಿ. ಅದಕ್ಕೆ ಬರೆಯುತ್ತಿದ್ದೇನೆ. ಸಿರಿಗೆ ಅವಳ ಅಪ್ಪ ಓದಿ ಹೇಳಲಿ, ನಿಹಾರ್‌ಗೆ ಅವನ ಅಮ್ಮ. ನನ್ನ ಮಗ ಓದುವಾಗ ಎಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾನೋ ಅಲ್ಲಿ ತಡೆದು ಕೇಳು ಸಿರಿ. ಅಮ್ಮನ ಮಾತನ್ನು ಮೃದು ಮಾಡಿ ಹೇಳುವ ಚಾಳಿ ಅವನಿಗೆ ಮೊದಲಿಂದಲೂ ಇದೆ.

ನಾನು ಓದಿದ್ದು ಚನ್ನರಾಯಪಟ್ಟಣದ ಹತ್ತಿರದ ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ನಿಮ್ಮ ತಾತ ಫ್ಯಾಕ್ಟರಿಯಲ್ಲಿ ಟರ್ನರ್ ಕೆಲಸಕ್ಕೆ ಮೆಲ್ಬರ್ನಿಗೆ ಬಂದಾಗ ಅವರ ಹಿಂದೆ ಬಂದೆ. ಅವರು ಹೋದ ಮೇಲೆ ಮನೆಯಲ್ಲಿ ಕೂತರೆ ಗೋಡೆಯೇ ಮೈಮೇಲೆ ಬರುತ್ತಿತ್ತು. ಹಾಗಾಗಿ ಒಂದು ವೃದ್ಧರ ನಿಲಯದ ಲಾಂಡ್ರಿಗೆ ಸೇರಿದೆ. ಗ್ಲೆನ್ ವೇವರ್ಲಿಯಿಂದ ಬೆಳಗಿನ ರೈಲು ಹತ್ತಿ, ಇಳಿದು, ದಿಬ್ಬ ಹತ್ತಿದರೆ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ. ಅದರ ಹೆಸರು ಬರೆಯುವುದಿಲ್ಲ. ಮೇಲೆ ತೊಂಬತ್ತು ಮುದುಕ ಮುದುಕಿಯರು, ಕೆಳಗೆ ನೆಲಮಾಳಿಗೆಯಲ್ಲಿ ಏಳು ಮಂದಿ ನಾವು.

ಲಾಂಡ್ರಿ ಎಂದರೆ ಮೆಷೀನೇ ಒಗೆಯುತ್ತದಲ್ಲ ಅಂತ ನಿಹಾರ್ ಒಮ್ಮೆ ಕೇಳಿದ್ದ. ಮೆಷೀನು ಒಗೆಯುತ್ತದೆ, ಆದರೆ ಯಾವುದನ್ನು ಯಾವುದರ ಜೊತೆ ಹಾಕಬೇಕು ಅಂತ ಅದಕ್ಕೆ ಗೊತ್ತಿಲ್ಲ. ಸೇರಿದ ಎರಡನೆಯ ವಾರವೇ ನಾನು ಒಬ್ಬ ಅಜ್ಜಿಯ ಉಣ್ಣೆಯ ಸ್ವೆಟರನ್ನು ಹಾಸಿಗೆ ಬಟ್ಟೆಗಳ ಜೊತೆ ಕುದಿನೀರಿಗೆ ಹಾಕಿಬಿಟ್ಟೆ. ಹೊರಗೆ ಬಂದಾಗ ಅದು ಕೂಸಿನ ಅಂಗಿಯಷ್ಟಿತ್ತು. ಆಕೆಯ ತೀರಿಕೊಂಡ ತಂಗಿ ಹೆಣೆದು ಕೊಟ್ಟದ್ದಂತೆ. ನಾನು ಅಳುತ್ತಾ ನಿಂತೆ. ನಮ್ಮಲ್ಲಿ ಎಲ್ಲರಿಗಿಂತ ಹಳಬಳು ತಾಸೂಲಾ, ಗ್ರೀಕ್ ಹೆಂಗಸು, ಮೊಣಕಾಲು ನೋವಿನವಳು, ಬಾಯಿಗೆ ಬೀಗವಿಲ್ಲದವಳು. ಅವಳು ಹೇಳಿದಳು: "ಇಲ್ಲಿ ನಿಂತು ಯಾಕೆ ಅಳ್ತೀಯ ಜಯಾ? ಮೇಲೆ ಹೋಗಿ ಆಕೆ ಎದುರು ಅಳು. ನೀನು ಹೋಗದಿದ್ದರೆ ಮೆಷೀನಿಗೆ ಬೈತಾರೆ. ಮೆಷೀನಿಗೆ ನಾಚಿಕೆ ಇಲ್ಲ."

ಹೋದೆ. ಸ್ವೆಟರನ್ನು ಎತ್ತಿ ಹಿಡಿದು ನಿಂತೆ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಾನು ಕಾಲ ಬಳಿ ಇಟ್ಟುಕೊಳ್ಳುವ ಬಿಸಿನೀರಿನ ರಬ್ಬರ್ ಚೀಲಕ್ಕೆ ತೊಡಿಸಿದಳು. ಸರಿಯಾಗಿ ಕೂತಿತು. "ನನ್ನ ತಂಗಿಗೆ ಅಳತೆಯೇ ಗೊತ್ತಿರಲಿಲ್ಲ, ಈಗ ಸರಿಹೋಯಿತು" ಎಂದಳು. ನಾನು ಆ ಕೆಲಸದಲ್ಲಿ ಉಳಿದದ್ದು ಆಕೆಯ ದೆಸೆಯಿಂದ.

ಇನ್ನೊಂದು ತೊಂದರೆ ಬಟ್ಟೆ ಕಲಸಿಹೋಗುವುದು. ಪ್ರತಿ ಬಟ್ಟೆಗೂ ಹೆಸರಿನ ಚೀಟಿ ಅಂಟಿಸುತ್ತಿದ್ದರು. ಇಸ್ತ್ರಿಯ ಬಿಸಿ ಉರುಳೆಗೆ ಸಿಕ್ಕಿದರೆ ಅಂಟು ಬಿಟ್ಟು ಚೀಟಿ ಇನ್ನೊಬ್ಬರ ಬಟ್ಟೆಗೆ ಕೂರುತ್ತಿತ್ತು. ಒಬ್ಬರ ಚಡ್ಡಿ ಇನ್ನೊಬ್ಬರ ಹೆಸರಿನಲ್ಲಿ ಮೇಲೆ ಹೋಗುತ್ತಿತ್ತು. ನಮ್ಮ ತಾಯಿ ನಾಲ್ಕು ಜನ ಗಂಡುಮಕ್ಕಳ ಒಂದೇ ತರಹದ ಶಾಲೆ ಅಂಗಿಗಳ ಒಳಗೆ ದಾರದ ಗುರುತು ಹಾಕುತ್ತಿದ್ದರು, ಒಬ್ಬನಿಗೆ ಅಡ್ಡಗೆರೆ, ಒಬ್ಬನಿಗೆ ಕತ್ತರಿ, ಹೀಗೆ. ನಾನೂ ಹಾಗೇ ಕಾಲರಿನ ಒಳಗೆ ಕೆಂಪು, ನೀಲಿ ದಾರದ ಗುರುತು ಹೊಲಿಯತೊಡಗಿದೆ. ನಮ್ಮ ಮ್ಯಾನೇಜರ್ ಬ್ರೆಂಡಾ ನೋಡಿ, ಇದೇನು ಮಂತ್ರ ಮಾಟವೇ ಎಂದು ರೇಗಿದಳು. ಬಟ್ಟೆ ಕಳೆಯುವುದು ನಿಂತ ಮೇಲೆ ಸುಮ್ಮನಾದಳು. ಆರು ತಿಂಗಳಾದ ಮೇಲೆ ಮೇಲಿನವರಿಗೆ ಕೊಟ್ಟ ವರದಿಯಲ್ಲಿ ಅದು "ಬ್ರೆಂಡಾ ಪದ್ಧತಿ" ಎಂದು ಬಂತು. ನಮ್ಮ ತಾಯಿಯ ಹೆಸರು ಬ್ರೆಂಡಾ ಅಲ್ಲ, ಕೆಂಚಮ್ಮ.

ಇನ್ನು ಗವರ್ನರ್ ಆದ ವಿಚಾರ.

ಆ ನಿಲಯವನ್ನು ಕಟ್ಟಿಸಿದ್ದು ಕುರಿ ಮಂದೆಗಳ ಒಡೆಯನೊಬ್ಬ, ಈ ದೇಶ ಇನ್ನೂ ಬ್ರಿಟಿಷರ ಆರು ಕಾಲನಿಗಳಾಗಿದ್ದ ಕಾಲದಲ್ಲಿ. ಅದನ್ನು ಆಳುವುದಕ್ಕೆ ಅವನು ಒಂದು ಕೌನ್ಸಿಲ್ ಮಾಡಿಟ್ಟು ಹೋಗಿದ್ದ. ಸದಸ್ಯರಿಗೆ ಸದಸ್ಯರೆಂದರೆ ಮರ್ಯಾದೆ ಕಡಿಮೆಯಾಗುತ್ತದೆಂದೋ ಏನೋ, ಗವರ್ನರ್ ಎಂದು ಹೆಸರು. ಎಂಟು ಜನ ದೊಡ್ಡಮನುಷ್ಯರು. ಒಂಬತ್ತನೆಯ ಕುರ್ಚಿ "ಸೇವಕವರ್ಗದ ಒಬ್ಬ ಸಭ್ಯ, ಕುಡಿತವಿಲ್ಲದ ವ್ಯಕ್ತಿಗೆ". ಉಳಿದ ಎಂಟು ಜನ ಕುಡಿಯಬಾರದು ಎಂದು ಎಲ್ಲೂ ಬರೆದಿರಲಿಲ್ಲ, ಅವರು ಅದನ್ನು ತಪ್ಪದೆ ಪಾಲಿಸುತ್ತಿದ್ದರು.

ಆ ಕುರ್ಚಿಯಲ್ಲಿ ಕೂರುತ್ತಿದ್ದ ಮಾಲಿ ನಿವೃತ್ತನಾದ. ಬ್ರೆಂಡಾ ನೆಲಮಾಳಿಗೆಗೆ ಇಳಿದು ಬಂದಳು.

"ನಿಮ್ಮಲ್ಲಿ ಕುಡಿಯದವರು ಯಾರು?"

"ಕೆಲಸದ ಹೊತ್ತಿನಲ್ಲೋ, ಒಟ್ಟಾರೆಯೋ?" ಎಂದಳು ತಾಸೂಲಾ.

"ಒಟ್ಟಾರೆ."

"ಹಾಗಾದರೆ ನಮ್ಮನ್ನ ಬಿಡು. ಆ ಇಬ್ಬರು ಇಂಡಿಯಾದವರನ್ನ ಕೇಳು."

ಆ ಇಬ್ಬರಲ್ಲಿ ಒಬ್ಬಳು ನಾನು. ಇನ್ನೊಬ್ಬಳು ಗಿರಿಜಾ, ಹುಬ್ಬಳ್ಳಿಯವಳು, ಮೂವತ್ತರ ಆಚೆ ಈಚೆ ವಯಸ್ಸು. ಗಂಡ ಇಲ್ಲಿ ಓದಲು ಬಂದವನು. ಅವನ ಓದು ಮುಗಿದು ಪಿಆರ್, ಎಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಸಿಗುವವರೆಗೂ ಟ್ರುಗನಿನಾ ಬಡಾವಣೆಯ ಅವರ ಮನೆ ನಡೆಯಬೇಕಾದದ್ದು ಇವಳ ಇಸ್ತ್ರಿಯ ಮೇಲೆ. ಬ್ರೆಂಡಾ ಅವಳ ಕಡೆ ನೋಡಿ, "ಗಿರಿಜಾ ಕುಡಿಯೋದಿಲ್ಲ, ಸರಿ, ಆದರೆ..." ಎಂದು ರಾಗ ಎಳೆದಳು.

"ಆದರೆ ಮಾತಾಡ್ತೀನಿ ಅಂತ ಹೇಳು" ಎಂದು ಗಿರಿಜಾ ಇಂಗ್ಲಿಷಿನಲ್ಲೇ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಕ್ಕಾರ, ನಿಮಗ ಗವರ್ನರಗಿರಿ ಬಂತ್ರಿ. ಅವರಿಗೆ ಬೇಕಾಗಿದ್ದು ಬಾಯಿಗೆ ಹೆಂಡಾನೂ ಹಾಕಬಾರದು, ಬಾಯಿ ತೆರೀನೂ ಬಾರದು, ಅಂಥಾವ್ರು" ಎಂದು ನಕ್ಕಳು.

ನಿಮ್ಮ ತಾತ ಬದುಕಿದ್ದಾಗ ಫ್ಯಾಕ್ಟರಿಯ ಯೂನಿಯನ್ನಿನಲ್ಲಿ ಓಡಾಡಿದವರು. ಬ್ರಿಟಿಷರು ನಮ್ಮನ್ನು ಆಳುವಾಗ ಕೌನ್ಸಿಲ್ಲುಗಳಲ್ಲಿ ಕಾರ್ಮಿಕರ ಪ್ರತಿನಿಧಿಯನ್ನು ಸರಕಾರವೇ ಆರಿಸಿ ಕೂರಿಸುತ್ತಿತ್ತು ಎಂದು ಹೇಳುತ್ತಿದ್ದರು. "ಕುರಿಗಳ ಪ್ರತಿನಿಧಿಯನ್ನ ಕಟುಕ ಆರಿಸಿದ ಹಾಗೆ, ಒಳ್ಳೇ ಮೆತ್ತಗಿರೋದನ್ನ" ಎಂದು ನಗುತ್ತಿದ್ದರು. ನಾನೂ ಜೊತೆಯಲ್ಲಿ ನಗುತ್ತಿದ್ದೆ. ಆ ಮೆತ್ತಗಿರುವುದು ನಾನೇ ಎಂದು ಆಗ ಯಾರಿಗೆ ಗೊತ್ತಿತ್ತು.

ಎರಡು ತಿಂಗಳಿಗೊಂದು ಸಭೆ. ಉದ್ದನೆಯ ಮೇಜು, ಗೋಡೆಯಲ್ಲಿ ಸ್ಥಾಪಕನ ಪಟ, ಅವನ ಪಕ್ಕದಲ್ಲಿ ಒಂದು ಟಗರಿನ ಪಟ. ಇಬ್ಬರ ಮುಖದಲ್ಲೂ ಒಂದೇ ಕಳೆ. ನನ್ನ ಕುರ್ಚಿ ಬಾಗಿಲ ಬಳಿ, ಟೀ ಗಾಡಿಯ ಪಕ್ಕ. ಸಭೆ ಶುರುವಾಗುವಾಗ ಹಿಂದಿನ ಸಭೆಯ ನಡಾವಳಿ ಓದುತ್ತಾರೆ, ಆಮೇಲೆ ಚರ್ಮದ ರಟ್ಟಿನ ದಪ್ಪ ಪುಸ್ತಕವೊಂದು ಕೈಯಿಂದ ಕೈಗೆ ಸುತ್ತುತ್ತದೆ. ನಡೆದದ್ದು ಹೀಗೇ ಎಂದು ಒಂಬತ್ತು ಜನವೂ ಸಹಿ ಹಾಕಬೇಕು, ಕಂಪ್ಯೂಟರು ಬಂದರೂ ಆ ಪದ್ಧತಿ ಬಿಟ್ಟಿರಲಿಲ್ಲ. ಕೊನೆಯ ಸಹಿ ನನ್ನದು.

ಮೊದಲ ವರ್ಷ ಅವರು ಚರ್ಚಿಸಿದ್ದು ಮುಖ್ಯವಾಗಿ ಗುಲಾಬಿ ಪಾತಿಗಳು. ಕೆಂಪು ಗುಲಾಬಿ ಹಾಕಿದರೆ ರಾಜಕೀಯವಾಗುತ್ತದೆಯೇ ಎಂಬುದರ ಮೇಲೆ ಎರಡು ಸಭೆ ನಡೆದವು. ಪ್ರತಿ ಸಭೆಯ ಕೊನೆಯಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿ, "ಕೆಳಗೆ ಎಲ್ಲ ಚೆನ್ನಾಗಿದೆ ತಾನೇ ಮಿಸೆಸ್ ಜೇ?" ಎನ್ನುತ್ತಿದ್ದರು. ನಾನು "ಯೆಸ್, ಥ್ಯಾಂಕ್ ಯೂ" ಎನ್ನುತ್ತಿದ್ದೆ. ಕೆಳಗೆ ಡ್ರೈಯರಿನ ಬಿಸಿಗಾಳಿ ಹೊರಗೆ ಹೋಗದೆ ನಾವೆಲ್ಲ ಬೇಯುತ್ತಿದ್ದೆವು. ಆದರೂ ಯೆಸ್, ಥ್ಯಾಂಕ್ ಯೂ. ನಡಾವಳಿಯಲ್ಲಿ ಅದು "ಸೇವಕರ ಪ್ರತಿನಿಧಿ ತೃಪ್ತಿ ವ್ಯಕ್ತಪಡಿಸಿದರು" ಎಂದು ಬರುತ್ತಿತ್ತು, ನಾನೇ ಸಹಿ ಹಾಕುತ್ತಿದ್ದೆ.

ಎರಡನೆಯ ವರ್ಷ ಸಿಡ್ನಿಗೆ ಹೋಗಬೇಕಾಯಿತು. ಸ್ಥಾಪಕನ ತಮ್ಮ ಅಲ್ಲೂ ಒಂದು ನಿಲಯ ಕಟ್ಟಿಸಿದ್ದ. ಎರಡು ಕೌನ್ಸಿಲ್ಲುಗಳ ಜಂಟಿ ಸಭೆ. ಎಂಟು ಗವರ್ನರುಗಳು ವಿಮಾನದಲ್ಲಿ, ಒಂಬತ್ತನೆಯ ಗವರ್ನರ್ ಹಗಲಿಡೀ ರೈಲಿನಲ್ಲಿ, ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು. ಸಿರಿ, ಆ ಸಲ ನಿಮ್ಮ ಮನೆಯಲ್ಲೇ ಇಳಿದಿದ್ದೆ. ನೀನು ಪುಟ್ಟವಳು, "ಅಜ್ಜಿ ಈಸ್ ಎ ಗವರ್ನರ್" ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದೆ.

ಸಿಡ್ನಿಯ ಕಾರ್ಮಿಕ ಪ್ರತಿನಿಧಿಯನ್ನು ನನ್ನ ಪಕ್ಕ ಕೂರಿಸಿದರು. ಟೈ ಕಟ್ಟಿದ ಗಂಡಸು. ನೀವು ಯಾವ ವಿಭಾಗ ಎಂದು ಕೇಳಿದೆ. ಹಣಕಾಸು ವಿಭಾಗದ ಉಪಮುಖ್ಯಸ್ಥರಂತೆ.

"ನಾನೂ ಸಂಬಳ ತಗೋತೀನಲ್ಲ ಮೇಡಂ, ನಾನೂ ಕಾರ್ಮಿಕನೇ" ಎಂದರು. ಅವರ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. "ನಿಮ್ಮ ಲಾಂಡ್ರಿ ಇನ್ನೂ ಇದೆಯಾ? ನಮ್ಮದು ತೆಗೆದು ಕಾಂಟ್ರಾಕ್ಟಿಗೆ ಕೊಟ್ಟುಬಿಟ್ಟೆವು. ತುಂಬಾ ಅನುಕೂಲ. ನಾನೇ ಸಲಹೆ ಕೊಟ್ಟಿದ್ದು."

ಊಟವಾದ ಮೇಲೆ ನಮಗೆ ಆ ನಿಲಯ ತೋರಿಸಿದರು. ಹಾಲಿನಲ್ಲಿ ಮುದುಕರು ಸಾಲಾಗಿ ಕೂತಿದ್ದರು, ಮುಕ್ಕಾಲು ಪಾಲು ಜನ ಒಂದೇ ಬೂದು ಬಣ್ಣದ ಟ್ರ್ಯಾಕ್ ಸೂಟಿನಲ್ಲಿ. ಅವರವರ ಬಟ್ಟೆ ದೂರದ ಗೋದಾಮಿಗೆ ಹೋದದ್ದು ವಾಪಸ್ಸು ಬರುತ್ತಿರಲಿಲ್ಲವಂತೆ, ಅದಕ್ಕೆ ಎಲ್ಲರಿಗೂ ಒಂದೇ ತರಹದ್ದು ಕೊಂಡಿದ್ದರು. ಕೊನೆಯಲ್ಲಿ ಒಬ್ಬ ದೊಡ್ಡ ದೇಹದ ಅಜ್ಜ, ಹೂವಿನ ಚಿತ್ತಾರದ ಹೆಂಗಸರ ಬ್ಲೌಸು ತೊಟ್ಟು, ಎದೆಯ ಬಳಿ ಗುಂಡಿ ಕೂಡದೆ, ಅಲ್ಲಿ ಕೈ ಅಡ್ಡ ಹಿಡಿದು ಕೂತಿದ್ದ. ನಾನು ನೋಡಿದ್ದು ಅವನಿಗೆ ಗೊತ್ತಾಯಿತು. ಅವನು ಕಣ್ಣು ಆ ಕಡೆ ತಿರುಗಿಸಿಕೊಂಡ. ನಮ್ಮ ಅಧ್ಯಕ್ಷರು, "ಏನನ್ನಿಸಿತು ಮಿಸೆಸ್ ಜೇ?" ಎಂದರು. ನಾನು ಏನೆಂದೆನೋ ನಿಮಗೆ ಗೊತ್ತೇ ಇದೆ.

ಮೆಲ್ಬರ್ನಿಗೆ ವಾಪಸ್ಸು ಬಂದ ಮೇಲಿನ ಸಭೆಯಲ್ಲಿ ಹನ್ನೊಂದನೆಯ ವಿಷಯ ಅಂತ ಒಂದಿತ್ತು: ಲಿನನ್ ಸೇವೆಗಳ ಮರುಹೊಂದಾಣಿಕೆ. ಕಾಗದಗಳನ್ನು ಒಂದು ವಾರ ಮೊದಲೇ ಕಳಿಸಿದ್ದರು. ಓದಿದೆ, ಲಿನನ್ ಎಂದರೆ ನಾವು ಒಗೆಯುವ ಬಟ್ಟೆ ಎಂದು ಗೊತ್ತಿತ್ತು, ಉಳಿದದ್ದು ಮೇಜಿನ ಮೇಲೆ ಮಡಿಚಿಟ್ಟ ಬಟ್ಟೆಗಳನ್ನು ಆಚೆ ಈಚೆ ಇಡುವುದೇನೋ ಅಂದುಕೊಂಡೆ. ಗಿರಿಜಾಳನ್ನು ಕೇಳಬಹುದಿತ್ತು. ಗವರ್ನರಮ್ಮನಿಗೆ ಇಷ್ಟೂ ತಿಳಿಯಲಿಲ್ಲವಾ ಎಂದು ನಗುತ್ತಾಳೆಂಬ ಸಂಕೋಚ.

ಹತ್ತನೆಯ ವಿಷಯ ಮುಗಿಯಿತು. ಎಲ್ಲರೂ ಟೀ ಕುಡಿದರು. ಈಗ ಬರೆಯುವುದನ್ನು ನಿಮ್ಮ ಅಪ್ಪ ಅಮ್ಮ ಮೆತ್ತಗೆ ಮಾಡಬಾರದು. ಕುಡಿದ ಕಪ್ಪುಗಳು ಮೇಜಿನ ಮೇಲೆ ಬಿದ್ದಿದ್ದವು. ನಮ್ಮ ಕಡೆ ಹತ್ತು ಜನ ಕೂತು ತಿಂದು ಕುಡಿದ ಜಾಗದಲ್ಲಿ ಎಂಜಲು ಪಾತ್ರೆ ಬಿಟ್ಟು ಹೆಂಗಸು ಕೂತಿರುವುದುಂಟೇ? ಕೈ ತಾನಾಗಿ ಹೋಯಿತು. ಒಂಬತ್ತು ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಪಕ್ಕದ ಪುಟ್ಟ ಅಡುಗೆಮನೆಗೆ ಹೋದೆ. ಯಾರೂ ಬೇಡವೆನ್ನಲಿಲ್ಲ. ತೊಳೆದು, ಒರೆಸಿ, ಕಿವಿಗಳೆಲ್ಲ ಒಂದೇ ಕಡೆ ಬರುವಂತೆ ಬೋರಲು ಹಾಕಿ, ಕೈ ಒರೆಸಿಕೊಂಡು ಬಂದೆ. ಅವರು ಹದಿಮೂರನೆಯ ವಿಷಯದಲ್ಲಿದ್ದರು. ಗುಲಾಬಿ.

ಮುಂದಿನ ವಾರ ನಡಾವಳಿಯ ಪ್ರತಿ ಬಂತು. ಅದನ್ನು ಗಿರಿಜಾ ಡ್ರೈಯರ್ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಲಾಂಡ್ರಿಯನ್ನು ಮುಚ್ಚಿ ಕೆಲಸವನ್ನು ಹೊರಗಿನ ಕಂಪನಿಗೆ ಒಪ್ಪಿಸುವುದು. ಹಾಜರಿದ್ದ ಎಲ್ಲ ಗವರ್ನರುಗಳ ಒಪ್ಪಿಗೆ. ಒಂಬತ್ತು ಹೆಸರು. ಕೊನೆಯದು ನನ್ನದು.

ಡ್ರೈಯರು ತಿರುಗುತ್ತಲೇ ಇತ್ತು.

"ಜಯಾ, ನೀನು ಕೈ ಎತ್ತಿದೆಯಾ?" ಎಂದಳು ತಾಸೂಲಾ.

"ಇಲ್ಲ."

"ಮತ್ತೆ?"

"ನಾನು ಅಲ್ಲಿರಲಿಲ್ಲ. ಕಪ್ಪು ತೊಳೀತಿದ್ದೆ."

ತಾಸೂಲಾ ಗ್ರೀಕಿನಲ್ಲಿ ಏನೋ ಅಂದಳು. ಅರ್ಥವಾಗದಿದ್ದರೂ ಅರ್ಥವಾಯಿತು. ಗಿರಿಜಾ ಕಾಗದ ಮಡಿಚಿ ನನ್ನ ಕೈಗಿಟ್ಟಳು. ಅವಳ ಗಂಡನ ಓದು ಇನ್ನೂ ಒಂದು ವರ್ಷ ಉಳಿದಿತ್ತು.

"ಅಕ್ಕಾರ, ಏಳು ಮಂದಿ ಹೊಟ್ಟಿ ಮ್ಯಾಲೆ ಕಲ್ಲು ಬೀಳೂ ಹೊತ್ತಿನಾಗ ನೀವು ಅವರ ಎಂಜಲಾ ಬಳೀಲಿಕತ್ತಿದ್ರೇನು?"

"ಹಂಗಲ್ಲ ಗಿರಿಜಾ, ಎಲ್ಲಾ ಹಾಗೇ ಬಿದ್ದಿತ್ತು, ಅಭ್ಯಾಸ..."

"ಅವರಿಗೂ ಅಭ್ಯಾಸ ಆಗೇದ್ರಿ. ನಿಮ್ಮಂಥಾವ್ರು ತೊಳ್ಯೂದು, ಅವರು ಕೈ ಎತ್ತೂದು."

ಆ ಎರಡು ತಿಂಗಳು ನನಗೆ ಅನ್ನ ಸೇರಲಿಲ್ಲ. ಕಂಪನಿಯ ಜೊತೆಗಿನ ಒಪ್ಪಂದಕ್ಕೆ ಮುಂದಿನ ಸಭೆಯಲ್ಲಿ ಆ ನಡಾವಳಿಗೆ ಒಂಬತ್ತೂ ಸಹಿ ಬೀಳಬೇಕಿತ್ತು. ನಾನೊಂದು ಉಪಾಯ ಮಾಡಿದೆ. ಮಾತಾಡಲು ಧೈರ್ಯವಿಲ್ಲ, ಬರೆಯಲು ಬರುತ್ತದೆ. ಪುಸ್ತಕ ನನ್ನ ಬಳಿಗೆ ಬಂದಾಗ ಸಹಿಯ ಜಾಗದಲ್ಲಿ ಕನ್ನಡದಲ್ಲಿ, ನಮ್ಮ ಮೇಷ್ಟ್ರು ಕಲಿಸಿದ ದುಂಡು ಅಕ್ಷರದಲ್ಲಿ ಬರೆದೆ: "ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಕೈ ಎತ್ತುವಾಗ ನಾನು ಇರಲಿಲ್ಲ. ಇವರ ಕಪ್ಪು ತೊಳೆಯುತ್ತಿದ್ದೆ." ಬರೆದು ಪುಸ್ತಕ ವಾಪಸ್ಸು ಕೊಟ್ಟೆ. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. ನೋಡಿ ಎಲ್ಲರಿಗೂ ತೋರಿಸಿದರು.

"ಎಷ್ಟು ಸುಂದರವಾದ ಸಹಿ! ಇದು ನಿಮ್ಮ ಪೂರ್ತಿ ಹೆಸರೇ ಮಿಸೆಸ್ ಜೇ?"

ತಲೆ ತಗ್ಗಿಸಿದೆ. ಅವರು ಪುಸ್ತಕ ಮುಚ್ಚಿದರು. ಎಲ್ಲರೂ ನನ್ನ ಉದ್ದ ಹೆಸರನ್ನು ಮೆಚ್ಚಿದರು.

ಕೆಳಗೆ ಬಂದು ಗಿರಿಜಾಳಿಗೆ ಹೇಳಿದೆ. ನನಗೆ ಒಳಗೊಳಗೆ ಸ್ವಲ್ಪ ಹೆಮ್ಮೆಯೇ ಇತ್ತು, ಬರೆದಾದರೂ ಬಂದೆನಲ್ಲ ಎಂದು. ಅವಳು ಇಸ್ತ್ರಿ ನಿಲ್ಲಿಸಿದಳು.

"ಕನ್ನಡದಾಗ ಬರದ್ರಿ?"

"ಹೂಂ."

"ಅವರಿಗೆ ತಿಳೀಲಾರದ ಭಾಷಾದಾಗ ಬೈದು ಬಂದು ನನ್ನ ಮುಂದ ಮೀಸೀ ತಿರುವ್ತೀರಲ್ರಿ! ಅವರು ಅದನ್ನ ಸಹಿ ಅಂತ ತಿಳಕೊಂಡ್ರು. ಒಂಬತ್ತೂ ಬಿದ್ವು. ಮುಗೀತ್ರಿ ಅಕ್ಕಾರ."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. "ಏಳ್ರಿ" ಎಂದಳು. "ಆ ಡ್ರೈಯರ್ ಮುಂದ ನಿಂದರ್ರಿ. ಬರದದ್ದನ್ನ ಇಂಗ್ಲಿಷ್‌ನಾಗ ಹೇಳ್ರಿ. ಡ್ರೈಯರಿನ ಸಪ್ಪಳಾ ಮೀರಿ ನನಗ ಕೇಳಸಬೇಕು."

ದಿನಾ ಟೀ ವಿರಾಮದಲ್ಲಿ ಹತ್ತು ನಿಮಿಷ. ಮೊದಲ ವಾರ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ತಾಸೂಲಾ ಒಗೆಯುವ ಮೆಷೀನಿನ ಬಳಿ ನಿಂತು ಅಧ್ಯಕ್ಷರ ಪಾತ್ರ ಮಾಡುತ್ತಿದ್ದಳು. ಹೊಟ್ಟೆ ಮುಂದೆ ಮಾಡಿ, "ಇದು ಮುಗಿದ ವಿಷಯ ಮಿಸೆಸ್ ಜೇ, ಗುಲಾಬಿಗೆ ಬರೋಣ" ಎನ್ನುತ್ತಿದ್ದಳು. ಎಲ್ಲರೂ ನಕ್ಕು ನಕ್ಕು, ಕಡೆಗೆ ನಾನೂ ನಕ್ಕು, ಗಂಟಲು ಹೇಗೋ ಬಿಟ್ಟುಕೊಂಡಿತು. ಅದೇ ಹೊತ್ತಿಗೆ ಗಿರಿಜಾ ಹಳೆಯ ನಿಯಮಗಳ ಪ್ರತಿ ತರಿಸಿದಳು. ಅವಳು ಒಂದೊಂದೇ ವಾಕ್ಯ ಬಿಡಿಸಿ ಹೇಳಿದಳು, ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಸೇವಕರನ್ನು ತೆಗೆಯುವ ನಿಯಮವನ್ನು ಎರಡು ಸಲ ಬರೆದುಕೊಂಡೆ.

ಅದರ ಮುಂದಿನ ಸಭೆ, ಲಾಂಡ್ರಿ ಇನ್ನೂ ಮುಚ್ಚಿರಲಿಲ್ಲ. ಟೀ ಬಂತು. ಎಲ್ಲರೂ ಕುಡಿದರು. ನಾನು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಅಧ್ಯಕ್ಷರು ಅಭ್ಯಾಸದಂತೆ, "ಕೆಳಗೆ ಎಲ್ಲ ಚೆನ್ನಾಗಿದೆ ತಾನೇ?" ಎಂದರು.

"ಇಲ್ಲ" ಎಂದೆ.

ಡ್ರೈಯರಿಗೆ ಹೇಳಿ ಹೇಳಿ ಅಭ್ಯಾಸವಾಗಿದ್ದರಿಂದ ಅದು ಬಹಳ ಗಟ್ಟಿಯಾಗಿ ಬಂತು. ಒಬ್ಬರ ಕೈಯಿಂದ ಬಿಸ್ಕತ್ತು ಬಿತ್ತು.

"ಹೋದ ಸಲ ನಾನು ಪುಸ್ತಕದಲ್ಲಿ ಬರೆದದ್ದು ಹೆಸರಲ್ಲ. ಓದುತ್ತೇನೆ." ಮೊದಲು ಕನ್ನಡದಲ್ಲಿ ಓದಿದೆ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಕಪ್ಪು ತೊಳೆಯುತ್ತಿದ್ದೆ ಎನ್ನುವ ಕಡೆ ಎಂಟು ಜನರೂ ಮೇಜಿನ ಮೇಲಿನ ಎಂಜಲು ಕಪ್ಪುಗಳನ್ನು ನೋಡಿದರು, ಅವು ಅಲ್ಲಿಗೆ ಹೇಗೆ ಬಂದವು ಎನ್ನುವ ಹಾಗೆ.

"ಅದು ಮುಗಿದ ವಿಷಯ" ಎಂದರು ಅಧ್ಯಕ್ಷರು. ತಾಸೂಲಾ ಎಷ್ಟು ಚೆನ್ನಾಗಿ ಅನುಕರಿಸಿದ್ದಳೆಂದರೆ ನನಗೆ ನಗು ಬಂದುಬಿಟ್ಟಿತು. ನಗುತ್ತಲೇ ಸಿಡ್ನಿಯ ಅಜ್ಜನ ವಿಚಾರ ಹೇಳಿದೆ, ಬ್ಲೌಸಿನ ಗುಂಡಿ, ಅಡ್ಡ ಹಿಡಿದ ಕೈ. ಹೇಳುತ್ತಾ ನಗು ಹೋಯಿತು. "ಅವತ್ತು ನೀವು ಕೇಳಿದಿರಿ, ನಾನು ಚೆನ್ನಾಗಿದೆ ಅಂದೆ. ಅದು ಸುಳ್ಳು. ಅದನ್ನೂ ಬರೆದುಕೊಳ್ಳಿ" ಎಂದೆ.

ಅವರಲ್ಲಿ ಒಬ್ಬರು ಹಳೆಯ ವಕೀಲರು. ನಮ್ಮ ಮೇಲಿನ ಪ್ರೀತಿಗಲ್ಲ, ಪುಸ್ತಕದ ಮೇಲಿನ ಭಯಕ್ಕೆ, "ಆಕೆ ಬರೆದದ್ದು ಸಹಿಯಲ್ಲದಿದ್ದರೆ ನಡಾವಳಿ ಸ್ಥಿರವಾಗಿಲ್ಲ. ಕಂಪನಿಯವರಿಗೆ ತಿಳಿದರೆ ಕಷ್ಟ" ಎಂದರು. ಗುಸುಗುಸು ನಡೆಯಿತು. ಹೊಸದಾಗಿ ಕೈ ಎತ್ತಬೇಕಾಯಿತು. ಹಾಸಿಗೆ ಬಟ್ಟೆ, ಟವೆಲ್ಲು ಹೊರಗೆ ಹೋಗಲಿ, ಮುದುಕರ ಸ್ವಂತ ಬಟ್ಟೆ ಇಲ್ಲೇ ಒಗೆಯಲಿ ಎಂದಾಯಿತು. ಅಷ್ಟಕ್ಕೆ ನಾಲ್ಕು ಜನ ಸಾಕು, ಮೂವರು ಹೋಗಬೇಕು.

ಅಧ್ಯಕ್ಷರ ಮುಖ ಅರಳಿತು. "ಮಿಸೆಸ್ ಜೇ, ನೀವು ಅವರ ಪ್ರತಿನಿಧಿ. ನಿಮಗಿಂತ ಅವರನ್ನು ಬಲ್ಲವರು ಯಾರು? ಆ ಮೂರು ಹೆಸರು ನೀವೇ ಸೂಚಿಸಿ."

ನೋಡಿದೆಯಾ ಸಿರಿ? ಎರಡು ವರ್ಷ ಬರೀ ಉಪಚಾರಕ್ಕೆ ಕೇಳಿದವರು ಆ ದಿನ ನನ್ನ ಅಭಿಪ್ರಾಯವನ್ನು ನಿಜವಾಗಿ ಕೇಳಿದರು. ಇಂಥ ಕುರ್ಚಿಗಳನ್ನು ಹಾಕುವುದೇ ಆ ಒಂದು ದಿನಕ್ಕೆ. ಕತ್ತಿ ಅವರದು, ಹಿಡಿಯುವ ಕೈ ನಮ್ಮದಾಗಿರಬೇಕು. ಪಟ್ಟಿ ಮಾಡಿದ್ದರೆ ಕಡೆಗೆ ಸೇರಿದವಳು ಎಂದು ಗಿರಿಜಾಳ ಹೆಸರು ಬರುವುದೇ ನ್ಯಾಯವಾಗುತ್ತಿತ್ತು.

ನೋಟ್‌ಬುಕ್ ತೆಗೆದು ನಿಯಮ ಓದಿದೆ. ಕುರಿ ಒಡೆಯ ಹಾಕಿದ್ದ ನಿಯಮ: ಸೇವಕನನ್ನು ಕೆಲಸದಿಂದ ತೆಗೆಯುವಾಗ ಅವನ ಹೆಸರನ್ನೂ ಕಾರಣವನ್ನೂ ಪುಸ್ತಕದಲ್ಲಿ ಬರೆದು ಪ್ರತಿಯೊಬ್ಬ ಗವರ್ನರನೂ ಅದರ ಕೆಳಗೆ ಸಹಿ ಹಾಕತಕ್ಕದ್ದು. ಹಳೆಯ ಪುಟಗಳಲ್ಲಿ ಹಾಗೆ ಬರೆದಿರುವುದನ್ನು ನಾನು ಸಹಿಯ ಸರದಿಗೆ ಕಾಯುವಾಗ ನೋಡಿದ್ದೆ. ಒಬ್ಬ ಅಡುಗೆಯವಳು, ಒಬ್ಬ ಗಾಡಿ ಹೊಡೆಯುವವನು.

"ಒಂದು ಹೆಸರು ನನಗೆ ಗೊತ್ತು" ಎಂದೆ. ಪುಸ್ತಕ ಎಳೆದುಕೊಂಡು ನನ್ನ ಹೆಸರು ಬರೆದೆ. ಈ ಸಲ ಇಂಗ್ಲಿಷಿನಲ್ಲಿ, ಎಲ್ಲರಿಗೂ ಓದಲು ಬರುವ ಹಾಗೆ. "ಉಳಿದ ಎರಡು ನೀವು ಬರೆಯಿರಿ. ಕಾರಣವನ್ನೂ ಬರೆಯಿರಿ. ಒಗೆಯುವುದರಲ್ಲಿ ಏನು ತಪ್ಪು ಮಾಡಿದಳು ಅಂತ. ಕೆಳಗೆ ಎಂಟೂ ಜನ ಸಹಿ ಹಾಕಿ."

ಯಾರೂ ಪೆನ್ನು ಮುಟ್ಟಲಿಲ್ಲ. ಒಬ್ಬ ಗವರ್ನರ್ ಗಡಿಯಾರ ನೋಡಿದರು. ಒಬ್ಬರು, ತಮಗೆ ಆ ಹೆಂಗಸರ ಪರಿಚಯವಿಲ್ಲ ಎಂದರು. ಒಬ್ಬರು, ಹೆಸರಿಲ್ಲದೆ ಮಾಡಬಹುದೇ ಎಂದು ವಕೀಲರನ್ನು ಕೇಳಿದರು. ಮುಂದಿನ ಸಭೆಗೆ ಎಂದು ಬರೆದರು.

ಕೆಳಗೆ ಬಂದು ಹೇಳಿದೆ. ತಾಸೂಲಾ, "ಎರಡನೆಯದು ನನ್ನದು ಬರಿ. ಕಾರಣ ಮೊಣಕಾಲು. ದೊಡ್ಡದಾಗಿ ಬರಿ" ಎಂದಳು. ಅವಳ ಹೆಸರಿಗೆ ಸಹಿ ಹಾಕಲು ಯಾರಿಗೂ ಕಷ್ಟವಾಗಲಿಲ್ಲ, ಅವಳೇ ಕೇಳಿಕೊಂಡದ್ದರಿಂದ. ಗಿರಿಜಾ ಮಾತ್ರ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಂದು, "ನಿಮ್ಮನ್ನ ಮಾತಾಡ್ರಿ ಅಂದಿದ್ದೆ, ಕೆಲಸಾ ಬಿಡ್ರಿ ಅಂದಿರಲಿಲ್ರಿ" ಎಂದಳು.

"ನಂಗೆ ಅರವತ್ತಾಯ್ತು ಕಣೆ."

"ಅರವತ್ತಕ್ಕ ಬಾಯಿ ಬಂತು. ಇನ್ನಷ್ಟು ದಿನಾ ಇದ್ದಿದ್ರ ಹಲ್ಲೂ ಬರ್ತಿದ್ವು."

ನನ್ನ ಬೀಳ್ಕೊಡುಗೆಗೆ ಅಧ್ಯಕ್ಷರೇ ಬಂದಿದ್ದರು. ನನ್ನ ಮೃದು ಸ್ವಭಾವವನ್ನು ಹೊಗಳಿದರು. ಸೇವಕಿಯಲ್ಲದ ಮೇಲೆ ನಾನು ಗವರ್ನರೂ ಅಲ್ಲ. ಆ ಕುರ್ಚಿ ಲೆಕ್ಕಪತ್ರ ವಿಭಾಗದ ಒಬ್ಬರಿಗೆ ಹೋಯಿತು. ಅವರೂ ಕುಡಿಯುವುದಿಲ್ಲವಂತೆ.

ಮೂರನೆಯ ಹೆಸರು ಇಂದಿನವರೆಗೂ ಯಾರೂ ಬರೆದಿಲ್ಲ. ಗಿರಿಜಾ ಆಗಾಗ ಫೋನು ಮಾಡುತ್ತಾಳೆ. ಪ್ರತಿ ಸಭೆಯಲ್ಲೂ ಆ ವಿಷಯ ಬರುತ್ತದಂತೆ, ಮುಂದಿನ ಸಭೆಗೆ ಹೋಗುತ್ತದಂತೆ. ಒಟ್ಟಿಗೆ ಏಳು ಹೆಂಗಸರನ್ನು ಮನೆಗೆ ಕಳಿಸಲು ಒಂದು ನಿಮಿಷ ಸಾಕಾಗಿದ್ದ ಎಂಟು ಕೈಗಳಿಗೆ ಒಬ್ಬಳ ಹೆಸರು ಬರೆದು ಕೆಳಗೆ ತಮ್ಮ ಹೆಸರು ಹಾಕಲು ವರ್ಷಗಳಿಂದ ಪುರುಸೊತ್ತಾಗಿಲ್ಲ. ನಾಲ್ಕು ಜನ ಸಾಕೆಂದ ಕೆಲಸವನ್ನು ಐದು ಜನ ಮಾಡುತ್ತಿದ್ದಾರೆ. ಗಿರಿಜಾಳ ಗಂಡನ ಓದು ಮುಗಿಯಿತು, ಪಿಆರ್ ಬಂತು. ಬೇರೆ ಕಡೆ ಹೋಗು ಎಂದರೆ, "ನಾ ಹೋದ್ರ ಆ ಮೂರನೇ ಹೆಸರು ಅವರಿಗೆ ಪುಕ್ಕಟ ಸಿಕ್ಕಂಗ ಆಗ್ತದಲ್ರಿ" ಎನ್ನುತ್ತಾಳೆ.

ಅವರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕಾರಣದ ಜಾಗದಲ್ಲಿ "ಸ್ವಂತ ಇಚ್ಛೆಯಿಂದ ನಿವೃತ್ತಿ" ಎಂದು ಬರೆದು ಎಂಟು ಜನ ಸಹಿ ಹಾಕಿದ್ದಾರಂತೆ. ಇರಲಿ. ಆ ಪುಸ್ತಕ ಚರ್ಮದ ರಟ್ಟಿನದು, ಬೀರುವಿನಲ್ಲಿ ಬೀಗದೊಳಗಿದೆ, ಇನ್ನು ನೂರು ವರ್ಷ ಅದಕ್ಕೆ ಏನೂ ಆಗುವುದಿಲ್ಲ. ನಡೆದದ್ದು ಹೀಗಲ್ಲ ಎಂದು ಹೇಳಲು ಇರುವುದು ಈ ಹಾಳೆಗಳು ಮಾತ್ರ, ಇವಕ್ಕೆ ರಟ್ಟೂ ಇಲ್ಲ, ಬೀಗವೂ ಇಲ್ಲ. ಸಿರಿ, ನಿಹಾರ್, ನೀವಿಬ್ಬರೂ ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ.